ಹತ್ತು ಪೆನ್ನು ಕೊಂಡರೂ ಕೈಯಲ್ಲಿ ಉಳಿಯುವುದು ಎರಡೇ ಏಕೆ?

ಮನೆ ಬದಲಿಸುವಾಗಲೋ ದಸರೆಗೆ ಕಪಾಟು ಒರೆಸುವಾಗಲೋ ತಂದೆಯ ಹಳೆಯ ಇಂಕ್ ಪೆನ್ನೊಂದು ಕೈಗೆ ಸಿಗುತ್ತದೆ. ಕುತೂಹಲಕ್ಕೆ ಮಸಿ ತುಂಬಿಸಿ ಬರೆಯಹೊರಟರೆ ಒಣಗಿದ ನಿಬ್ಬು ಮೊದಲು ಮೊಂಡು ಹಿಡಿಯುತ್ತದೆ. ಆಮೇಲೆ ಒಮ್ಮೆಲೇ ಹರಿದು ಹಾಳೆಯ ಮೇಲೆ ನಾಲ್ಕಾಣೆಯಗಲದ ಕಲೆ ಮೂಡಿಸುತ್ತದೆ. ಅಷ್ಟಕ್ಕೇ ಬೇಸತ್ತವರು ಅದನ್ನು ಮತ್ತೆ ಡಬ್ಬಿಗೆ ಸೇರಿಸುತ್ತಾರೆ. ಇನ್ನು ಕೆಲವರು ಹೊಸದೊಂದನ್ನು ಕೊಳ್ಳುತ್ತಾರೆ. ಅದು ಹಿಡಿಸದೆ ಇನ್ನೊಂದು, ಅದೂ ಸಾಲದೆ ಮತ್ತೊಂದು. ಮೇಜಿನ ಖಾನೆ ತುಂಬಿದರೂ ದಿನನಿತ್ಯದ ಬರವಣಿಗೆಗೆ ಉಳಿಯುವುದು ಎರಡೋ ಮೂರೋ ಮಾತ್ರ. ಇದರ ಗುಟ್ಟು ಪೆನ್ನಿನ ಬೆಲೆಯಲ್ಲಿಲ್ಲ. ನಿಬ್ಬು, ಮಸಿ, ಕಾಗದ ಮತ್ತು ಕೈ ಈ ನಾಲ್ಕರ ಹೊಂದಾಣಿಕೆಯಲ್ಲಿದೆ.

ಹಂಗೇರಿಯ ಲಾಸ್ಲೊ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಬಾಲ್ ಪೆನ್ನಿನಲ್ಲಿ ಪುಟ್ಟ ಗುಂಡೊಂದು ಉರುಳುತ್ತಾ ಅಂಟಿನಂಥ ದಪ್ಪ ಶಾಯಿಯನ್ನು ಕಾಗದಕ್ಕೆ ಬಳಿಯುತ್ತದೆ. ಅದಕ್ಕೆ ಒತ್ತಡ ಬೇಕು. ಇಂಕ್ ಪೆನ್ನಿನ ಮಸಿಯಾದರೋ ನೀರಿನಂತೆ ತೆಳು. ದೀಪದ ಬತ್ತಿಗೆ ಎಣ್ಣೆ ಏರುವಂತೆ ಅದು ನಿಬ್ಬಿನ ಸೀಳಿನಲ್ಲಿ ತಾನಾಗಿಯೇ ಇಳಿಯುತ್ತದೆ. ಹೊರಬಂದ ಮಸಿಯ ಜಾಗಕ್ಕೆ ಅಷ್ಟೇ ಗಾಳಿ ಒಳಹೋಗಬೇಕು. ಈ ಕೊಡುಕೊಳ್ಳುವಿಕೆಯನ್ನು ಹತೋಟಿಯಲ್ಲಿಡುವುದು ನಿಬ್ಬಿನ ಕೆಳಗಿರುವ, ಗೀರು ಕೊರೆದ ಕಪ್ಪು ತುಂಡು. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ತುಂಡಿನ ಸುಧಾರಿತ ರೂಪಕ್ಕೇ.

ಹಾಗಾದರೆ ಪೆನ್ನು ಮಸಿ ಕಾರುವುದೇಕೆ? ಫಿಲ್ಲರ್‌ನಿಂದ ನೇರವಾಗಿ ಕೊಳವೆಗೆ ಮಸಿ ಸುರಿಯುವ ಪೆನ್ನಿನಲ್ಲಿ ಮಸಿ ತಳಮುಟ್ಟಿದಾಗ ಮಿಕ್ಕ ಜಾಗವನ್ನೆಲ್ಲ ಗಾಳಿ ತುಂಬುತ್ತದೆ. ಅಂಗೈ ಬಿಸಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ಹೊರದೂಡುತ್ತದೆ. ಕಾಲು ಭಾಗ ಉಳಿದಿರುವಾಗಲೇ ಮತ್ತೆ ತುಂಬಿಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಒಣಗಿದ ಹಳೆಯ ಪೆನ್ನಿಗೂ ಔಷಧ ಸರಳ. ನಿಬ್ಬಿನ ಭಾಗವನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ತೊಳೆದರೆ ಎಷ್ಟೋ ಪೆನ್ನುಗಳು ಮರುಜೀವ ಪಡೆಯುತ್ತವೆ. ಬಿಸಿನೀರು ಮಾತ್ರ ಸಲ್ಲದು.

ನಿಬ್ಬಿನ ಆಯ್ಕೆಯಲ್ಲಿ ಕನ್ನಡ ಬರೆಯುವವರು ವಿಶೇಷ ಎಚ್ಚರ ವಹಿಸಬೇಕು. ದಕಾರ ಧಕಾರಗಳ ವ್ಯತ್ಯಾಸ ಇರುವುದೇ ಹೊಟ್ಟೆಯ ಒಂದು ಸಣ್ಣ ಸೀಳಿನಲ್ಲಿ. ಪಕಾರದ ಹೊಟ್ಟೆಯೊಳಗೊಂದು ಗೀರು ಬಿದ್ದರೆ ಅದು ಷಕಾರ. ದಪ್ಪ ನಿಬ್ಬು ಈ ಸುಳಿಗಳನ್ನು ಮಸಿಯಿಂದ ಮುಚ್ಚಿಬಿಡುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಅಂಟಿಕೊಳ್ಳುತ್ತವೆ. ಸಣ್ಣ ಅಕ್ಷರದವರಿಗೆ ‘ಫೈನ್’ ನಿಬ್ಬೇ ಲೇಸು. ಜಪಾನಿನ ಫೈನ್ ನಿಬ್ಬು ಸಾಮಾನ್ಯವಾಗಿ ಯುರೋಪಿನದಕ್ಕಿಂತ ತೆಳ್ಳಗೆ ಬರೆಯುತ್ತದೆ ಎಂಬುದನ್ನೂ ನೆನಪಿಡಬೇಕು. ತೆಳು ಕಾಗದದ ನೋಟ್‌ಬುಕ್ಕಿನಲ್ಲಿ ಮಸಿ ಹರಡಿ, ಹಿಂಬದಿಗೂ ಇಳಿದರೆ ಅದು ಬಹುಪಾಲು ಕಾಗದದ ದೋಷ. ಪೆನ್ನನ್ನು ಹಳಿದು ಫಲವಿಲ್ಲ.

ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಪೆನ್ನಿಗೆ ತುಂಬಿಸಲೇಬಾರದು. ಅದು ಒಣಗಿ ಗಟ್ಟಿಯಾದರೆ ಒಳದಾರಿಯೇ ಕಟ್ಟಿಹೋಗುತ್ತದೆ. ಇನ್ನು ಕೈ. ಬಾಲ್ ಪೆನ್ನಿನ ರೂಢಿಯವರು ಒತ್ತಿ ಬರೆದರೆ ನಿಬ್ಬಿನ ಸೀಳು ಅಗಲವಾಗುತ್ತದೆ. ‘ನನ್ನ ಪೆನ್ನು ಬೇರೆಯವರಿಗೆ ಕೊಡೆ’ ಎಂಬ ಹಿರಿಯರ ಹಟದಲ್ಲಿ ಇಷ್ಟು ಸತ್ಯವಿದೆ.

ಈ ಲೆಕ್ಕದಲ್ಲಿ ನೋಡಿದರೆ ಮೂರು ಬಗೆಯ ಪೆನ್ನುಗಳು ಜನರ ಕೈಯಲ್ಲಿ ಏಕೆ ನೆಲೆನಿಂತವೆಂಬುದು ತಿಳಿಯುತ್ತದೆ. 1980-90ರ ದಶಕಗಳಲ್ಲಿ ಓದಿದವರಿಗೆ ಚೀನಾದ ಹೀರೋ ಪೆನ್ನನ್ನು ಪರಿಚಯಿಸಬೇಕಾಗಿಲ್ಲ. 1941ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಪಾರ್ಕರ್ 51ರ ಮಾದರಿಯಲ್ಲಿ ಅದರ ನಿಬ್ಬು ಮುಸುಕಿನೊಳಗಿರುವುದರಿಂದ ಬೇಗ ಒಣಗುವುದಿಲ್ಲ. ತಡೆತಡೆದು ಬರೆಯುವವರಿಗೆ ಅನುಕೂಲ. ಜರ್ಮನಿಯ ಲಾಮಿ ಸಫಾರಿ 1980ರದು. ಮೂರು ಮಗ್ಗುಲಿನ ಹಿಡಿಕೆ ಬೆರಳುಗಳನ್ನು ಸರಿಯಾದ ಜಾಗದಲ್ಲೇ ಕೂರಿಸುವುದರಿಂದ ಹೊಸಬರಿಗೆ ಅದು ಒಳ್ಳೆಯ ಗುರು.

ಮೂರನೆಯದು ನೆರೆಯ ಆಂಧ್ರದ ರಾಜಮಂಡ್ರಿಯದು. ಸ್ವದೇಶಿ ಚಳವಳಿಯ ದಿನಗಳಲ್ಲಿ ಅಲ್ಲಿನ ಕೆ.ವಿ. ರತ್ನಂ ತಯಾರಿಸಿಕೊಟ್ಟ ಪೆನ್ನನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರ ಬರೆದಿದ್ದರು. ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ರಬ್ಬರು, ಅಂದರೆ ಎಬೊನೈಟ್‌ನಿಂದ ಕಡೆದ ಇಂಥ ಪೆನ್ನು ಕೈಗೆ ಬೆಚ್ಚಗಿರುತ್ತದೆ, ಒಮ್ಮೆ ತುಂಬಿಸಿದರೆ ಬಹಳ ಪುಟ ಬರೆಯುತ್ತದೆ. ದಿನವಿಡೀ ಬರೆಯುವವರಿಗೆ ಇದು ಹೇಳಿಮಾಡಿಸಿದ್ದು.

ಆದ್ದರಿಂದ ಹೊಸಬರು ಅಂಗಡಿಗೆ ಹೋಗುವಾಗ ತಾವು ನಿತ್ಯ ಬರೆಯುವ ನೋಟ್‌ಬುಕ್ಕನ್ನೇ ಜೊತೆಗೊಯ್ಯುವುದು ಜಾಣತನ. ತಮ್ಮ ಹೆಸರಿನ ಬದಲು ಒತ್ತಕ್ಷರಗಳಿರುವ ನಾಲ್ಕು ಸಾಲು ಬರೆದು ನೋಡಬೇಕು. ಕೊಂಡ ಬಳಿಕ ಒಂದೇ ಮಸಿಯಲ್ಲಿ ಒಂದು ತಿಂಗಳಾದರೂ ಬರೆಯಬೇಕು. ಆಗಲೂ ಹಿಡಿಸದಿದ್ದರೆ ಪೆನ್ನಿಗಿಂತ ಮೊದಲು ಮಸಿಯನ್ನು, ಆಮೇಲೆ ಕಾಗದವನ್ನು ಬದಲಿಸಿ ನೋಡಬೇಕು. ಅಷ್ಟು ತಾಳ್ಮೆಯಿದ್ದವರ ಖಾನೆ ತುಂಬುವುದಿಲ್ಲ. ಡಬ್ಬಿ ಸೇರಿದ್ದ ತಂದೆಯ ಪೆನ್ನೇ ಮತ್ತೆ ಕಿಸೆಗೇರಿದರೂ ಅಚ್ಚರಿಯಿಲ್ಲ.