ನಿಮ್ಮ ಮುತ್ತಜ್ಜಿಯ ಹೆಸರು ಗೊತ್ತಾ?

ಒಂದು ಸಣ್ಣ ಟೆಸ್ಟ್. ಪೆನ್ನು ತಗೊಂಡು ಅಪ್ಪ-ಅಮ್ಮ, ಅವರ ಅಪ್ಪ-ಅಮ್ಮ, ಅವರದೂ ಅಪ್ಪ-ಅಮ್ಮ ಅಂತ ಮೂರು ತಲೆಮಾರಿನ ಹೆಸರು ಬರೀರಿ. 2 + 4 + 8, ಒಟ್ಟು 14 ಹೆಸರು. ಮೊದಲ ಆರು ಸಲೀಸು. ಆಮೇಲೆ ಮುತ್ತಾತಂದಿರ ಹೆಸರು ಒಂದೋ ಎರಡೋ ನೆನಪಾಗಬಹುದು. ಮುತ್ತಜ್ಜಿಯರ ಜಾಗ ಮಾತ್ರ ಸಾಮಾನ್ಯವಾಗಿ ಖಾಲಿ.

ನಮ್ಮ ದೀಪಾಂಜಲಿ ನಗರದ ಕಡೆಯವರಿಗೆ ಇದು ಇನ್ನೂ ಕಷ್ಟ. ಮೈಸೂರು, ಮಂಡ್ಯ ಕಡೆ ಬಸ್ ಬಿಡೋ ಸ್ಯಾಟಲೈಟ್ ನಿಲ್ದಾಣ ಹತ್ತಿರದಲ್ಲೇ ಇದೆ. ಅದೇ ಮೈಸೂರು ರಸ್ತೆ ಹಿಡಿದು ಕೆಲಸ ಹುಡುಕಿ ಬಂದು ಇಲ್ಲಿ, ವಿಜಯನಗರದಲ್ಲಿ ನೆಲೆ ನಿಂತ ಮನೆಗಳು ಎಷ್ಟೋ. ತಾತನಿಗೆ ಊರು ಅಂದ್ರೆ ಹುಟ್ಟಿದ ಮನೆ. ನಮ್ಮಲ್ಲಿ ಹಲವರಿಗೆ ಅದು ಹೆಸರಿನ ಮುಂದಿನ ಒಂದು ಇನಿಷಿಯಲ್, ಅಷ್ಟೇ.

ಮನೆತನದ ಬೇರು ಹುಡುಕೋದು ಒಳ್ಳೆ ಹವ್ಯಾಸ. ಕಲಿತರೆ ಚಿಕ್ಕ ಬಿಸಿನೆಸ್ಸೂ ಆಗಬಹುದು. ಹೇಗೆ ಅಂತ ನೋಡೋಣ.

ಈ ಬಿಸಿನೆಸ್ ಹೊಸದಲ್ಲ

ಕರ್ನಾಟಕದಲ್ಲಿ ಇದನ್ನೇ ಕುಲಕಸುಬು ಮಾಡಿಕೊಂಡವರು ಹೆಳವರು. ಎತ್ತಿನ ಮೇಲೆ ಕೂತು, ಕಾಲಿನ ಮೇಲೆ ಕಂಬಳಿ ಹೊದ್ದು ಊರಿಗೆ ಬಂದು, ಮನೆ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನ ಒಂದಾದ ಮೇಲೊಂದು ಹೇಳ್ತಿದ್ದರು. 'ಹೆಳವ' ಅಂದರೆ ಕಾಲಿಲ್ಲದವನು, ಕುಂಟ. ಅವರ ಮೂಲಪುರುಷನಿಗೆ ಎತ್ತು ಕೊಟ್ಟು ಈ ಕೆಲಸ ಹಚ್ಚಿದ್ದು ಬಸವಣ್ಣ ಅನ್ನೋ ಐತಿಹ್ಯ ಇದೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಬಳ್ಳಾರಿ, ಮೈಸೂರು ಸೀಮೆಯ ಹೆಳವರ ವರ್ಣನೆ ಬರುತ್ತೆ.

ಉತ್ತರ ಕರ್ನಾಟಕದಲ್ಲಿ ಈ ಕಸುಬು ಇನ್ನೂ ಉಳಿದಿದೆ. ಒಂದೊಂದು ಹೆಳವ ಕುಟುಂಬಕ್ಕೂ ಇಂತಿಂಥ ಮನೆತನ ಅಂತ ಹಂಚಿಕೆ ಇರುತ್ತೆ. ಕೆಲವು ವರ್ಷಕ್ಕೊಮ್ಮೆ ಬಂದು ಹಳೆ ವಂಶಾವಳಿ ಓದಿ, ಹೊಸದಾಗಿ ಹುಟ್ಟಿದವರನ್ನ ಸೇರಿಸಿಕೊಂಡು, ಕಾಳು, ದುಡ್ಡು, ಬಟ್ಟೆ ಪಡೆದು ಹೋಗ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೇಟಾಬೇಸ್ ಅವರದು, ಅಪ್‌ಡೇಟ್ ಮಾಡೋದೂ ಅವರೇ, ಚಂದಾ ನಮ್ಮದು.

ಹರಿದ್ವಾರದ ಪಂಡಾಗಳ ಹತ್ತಿರವೂ ಯಾತ್ರಿಕರ ಮನೆತನದ ವಹಿಗಳಿವೆ. ಅಮೆರಿಕದಲ್ಲಿ ಅಲೆಕ್ಸ್ ಹೇಲಿಯ 'ರೂಟ್ಸ್' 1976ರಲ್ಲಿ ಪುಸ್ತಕವಾಗಿ, ಮರುವರ್ಷ ಟಿವಿ ಸರಣಿಯಾಗಿ ಬಂದ ಮೇಲೆ ವಂಶಾವಳಿ ಹುಡುಕೋ ಹುಚ್ಚು ಜನಸಾಮಾನ್ಯರಿಗೂ ಹತ್ತಿತು. ಅಲ್ಲಿ ಈಗ ಅದು ದೊಡ್ಡ ಉದ್ಯಮ.

ಇದು ಟ್ರೀ ಅಲ್ಲ, ಗ್ರಾಫ್

ಡೇಟಾ ಸ್ಟ್ರಕ್ಚರ್ಸ್ ಓದಿದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹೆಸರು ವಂಶ'ವೃಕ್ಷ' ಆದ್ರೂ ನಮ್ಮ ಕಡೆ ಅದು ಬೈನರಿ ಟ್ರೀ ಆಗಿ ಉಳಿಯಲ್ಲ. ನಿಮ್ಮ ಅಪ್ಪ ತಮ್ಮ ಅಕ್ಕನ ಮಗಳನ್ನೇ ಮದುವೆ ಆಗಿದ್ದಾರೆ ಅನ್ಕೊಳ್ಳಿ. ಆಗ ನಿಮ್ಮ ಅಪ್ಪನ ತಂದೆ-ತಾಯಿ ಒಂದು ದಾರೀಲಿ ಎರಡನೇ ಹಂತದಲ್ಲೂ, ಅಮ್ಮನ ಕಡೆಯಿಂದ ಮೂರನೇ ಹಂತದಲ್ಲೂ ಬರ್ತಾರೆ. ಒಂದೇ ನೋಡ್, ಎರಡು ದಾರಿ, ಆದರೆ ಸೈಕಲ್ ಇಲ್ಲ. ಅಂದರೆ ಡೈರೆಕ್ಟೆಡ್ ಅಸೈಕ್ಲಿಕ್ ಗ್ರಾಫ್. ಹತ್ತು ತಲೆಮಾರು ಹಿಂದೆ ಲೆಕ್ಕದ ಪ್ರಕಾರ 1024 ಜಾಗ ಇರಬೇಕು. ಆದರೆ ಅಷ್ಟು ಬೇರೆ ಬೇರೆ ಜನ ಇರಲೇಬೇಕು ಅಂತಿಲ್ಲ.

ಹಾಗಾಗಿ ಎಕ್ಸೆಲ್‌ನಲ್ಲಿ ಮರ ಬರೆಯೋಕೆ ಹೋದರೆ ಬೇಗ ಗೋಜಲಾಗುತ್ತೆ. ಇದಕ್ಕೆ ಅಂತಲೇ 1984ರಿಂದ ಜೆಡ್‌ಕಾಮ್ ಅನ್ನೋ ಫೈಲ್ ಫಾರ್ಮ್ಯಾಟ್ ಇದೆ. ವ್ಯಕ್ತಿಗೊಂದು ದಾಖಲೆ, ಕುಟುಂಬಕ್ಕೊಂದು ದಾಖಲೆ, ನಡುವೆ ಐಡಿಗಳ ಕೊಂಡಿ. ಗ್ರಾಂಪ್ಸ್ ಅನ್ನೋ ಉಚಿತ ಓಪನ್ ಸೋರ್ಸ್ ತಂತ್ರಾಂಶ ಪೈಥಾನ್‌ನಲ್ಲಿ ಬರೆದಿರೋದು. ಬೇಕಾದ್ರೆ ನೀವೇ ಕೋಡ್ ತಿದ್ದಬಹುದು.

ಮಾಹಿತಿ ಸಿಗೋದು ಎಲ್ಲಿ?

ಮೊದಲು ಮನೇಲಿ. ಹಳೇ ಮದುವೆ ಕಾರ್ಡಿನಲ್ಲಿ ಎರಡೂ ಕಡೆ ಹಿರಿಯರ ಹೆಸರಿರುತ್ತೆ. ತಿಥಿ ಕಾರ್ಡಿನಲ್ಲಿ ತೀರಿಕೊಂಡವರ ಮಕ್ಕಳು, ಸೊಸೆಯಂದಿರು, ಅಳಿಯಂದಿರ ಪಟ್ಟಿ ಇರುತ್ತೆ. ಅಟ್ಟದ ಮೇಲಿನ ಹಿತ್ತಾಳೆ, ಸ್ಟೀಲ್ ಪಾತ್ರೆಗಳನ್ನ ತಿರುಗಿಸಿ ನೋಡಿ. ಮದುವೆಯಲ್ಲಿ ಕೊಟ್ಟವರ ಹೆಸರು, ತಾರೀಖು ಕೆತ್ತಿಸಿರ್ತಾರೆ. ಯಾವ ಸರ್ಕಾರಿ ಕಾಗದದಲ್ಲೂ ಇಲ್ಲದ ಅಜ್ಜಿಯ ಹೆಸರು ಬಿಂದಿಗೆಯ ಕಂಠದಲ್ಲಿ ಸಿಗಬಹುದು.

ಆಮೇಲೆ ಕಚೇರಿ ದಾಖಲೆಗಳು. ಪಹಣಿ, ಮ್ಯುಟೇಷನ್, ಸಬ್‌ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ, ವಿಭಾಗಪತ್ರ. 'ಇಂಥವರ ಮಗ ಇಂಥವರು' ಅಂತ ಬರೆಯೋದ್ರಿಂದ ಒಂದು ಕ್ರಯಪತ್ರದಲ್ಲೇ ಎರಡು ತಲೆಮಾರು ಸಿಗುತ್ತೆ. ಊರಿನ ಶಾಲೆಯ ದಾಖಲಾತಿ ವಹಿಯೂ ಉಪಯೋಗಕ್ಕೆ ಬರುತ್ತೆ. ಜನನ-ಮರಣ ನೋಂದಣಿಗೆ ಇಡೀ ದೇಶಕ್ಕೆ ಒಂದೇ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಹಿಂದಿನವರ ವಿಷಯದಲ್ಲಿ ಬಾಯಿಮಾತೇ ಹೆಚ್ಚು ಕೈ ಹಿಡಿಯೋದು.

ಬಾಯಿಮಾತಿನ ತಾರೀಖು ಬಿಡಿಸೋಕೆ ಗಣಿತ ಬೇಕು. 'ನಮ್ಮಪ್ಪ ಹುಟ್ಟಿದ್ದು ಪ್ಲವ ಸಂವತ್ಸರದಲ್ಲಿ' ಅಂತ ಅಜ್ಜಿ ಹೇಳಿದರೆ ಅದು ಮಾಡ್ಯುಲೋ 60ರ ಉತ್ತರ. ಪ್ಲವ 2021-22ರಲ್ಲಿ ಬಂದಿತ್ತು, ಅದಕ್ಕೆ ಮುಂಚೆ 1961-62, ಅದಕ್ಕೂ ಮುಂಚೆ 1901-02. ಯಾವುದು ಅಂತ ತೀರ್ಮಾನಿಸೋಕೆ ಇನ್ನೊಂದು ಗುರುತು ಬೇಕು: ಬೆಂಗಳೂರಿಗೆ ಪ್ಲೇಗ್ ಬಂದ 1898ಕ್ಕೆ ಮುಂಚೆಯೋ ಆಮೇಲೋ? ಗಾಂಧೀಜಿ ತೀರಿಕೊಂಡಾಗ ಅವರಿಗೆ ಮದುವೆ ಆಗಿತ್ತಾ? ಹೀಗೆ ಕೇಳಿದರೆ ಹಿರಿಯರಿಗೂ ನೆನಪು ಬಿಚ್ಚಿಕೊಳ್ಳುತ್ತೆ.

ಬಿಟ್ಟುಹೋಗೋ ಹೆಸರುಗಳು

ಹಳೆಯ ವಂಶಾವಳಿಗಳು ಹೆಚ್ಚಾಗಿ ಅಪ್ಪನಿಂದ ಮಗನಿಗೆ ಹೋಗೋ ಸಾಲು. ಹೆಣ್ಣುಮಕ್ಕಳು 'ಕೊಟ್ಟ ಮನೆ'ಗೆ ಹೋದ ಕೂಡಲೇ ಸಾಲು ತುಂಡಾಗುತ್ತೆ. ತುಳುನಾಡಿನ ಅಳಿಯಸಂತಾನ ಕುಟುಂಬಗಳಲ್ಲಿ ಮಾತ್ರ ಲೆಕ್ಕ ತಾಯಿಯಿಂದ ಮಗಳಿಗೆ.

ಇದರ ಪರಿಣಾಮ ಸಣ್ಣದಲ್ಲ. ತಾತ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ವಂಶವೃಕ್ಷ ಕೊಡಬೇಕು. ಅದರಲ್ಲಿ ಅತ್ತೆಯಂದಿರ ಹೆಸರು ಬಿಟ್ಟರೆ ಅವರ ಪಾಲೂ ಹೋಗುತ್ತೆ, ಆಮೇಲೆ ಕೋರ್ಟು ಹತ್ತಬೇಕಾಗುತ್ತೆ. ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೆ ಮುಂಚೆ ಮದುವೆ ಆದವರನ್ನ ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಇಷ್ಟು ಸ್ಪಷ್ಟ ಇದ್ದರೂ ಮರದಲ್ಲಿ ಹೆಸರೇ ಇಲ್ಲದಿದ್ದರೆ ಹಕ್ಕು ಕೇಳೋದು ಹೇಗೆ? ಆದ್ದರಿಂದ ಮೊದಲ ನಿಯಮ: ಮನೇಲಿ ಹುಟ್ಟಿದ ಪ್ರತಿಯೊಬ್ಬರ ಹೆಸರೂ ಬರೀಬೇಕು.

ದುಡ್ಡು ತಗೊಳ್ಳೋದಾದ್ರೆ

ನಿಮ್ಮ ಮನೆಯದು ಮುಗಿಸಿದ ಮೇಲೆ ನೆಂಟರು, ಆಮೇಲೆ ಪರಿಚಯದವರು ಕೇಳ್ತಾರೆ. ಊರಿಗೆ ಓಡಾಡೋಕೆ ಆಗದ ವಿದೇಶದ ಕುಟುಂಬಗಳಿಗೆ ಇದು ನಿಜವಾಗಿ ಬೇಕಾದ ಸೇವೆ. ಆಗ ನಾಲ್ಕು ವಿಷಯ ನೆನಪಿರಲಿ.

ಒಂದು, ಫಲಿತಾಂಶಕ್ಕಲ್ಲ, ಕೆಲಸದ ಗಂಟೆಗೆ ದರ ಹೇಳಿ. ಮೂರು ದಿನ ಹುಡುಕಿ 'ದಾಖಲೆ ಇಲ್ಲ' ಅಂತ ಗೊತ್ತಾಗೋದೂ ಕೆಲಸವೇ. ಹೆಸರಿಗೆ ದರ ಇಟ್ಟರೆ ಹೆಸರು ಕಟ್ಟೋ ಆಸೆ ಹುಟ್ಟುತ್ತೆ.

ಎರಡು, ಪ್ರತಿ ಹೆಸರಿನ ಮುಂದೆ ಮೂಲ ಬರೀರಿ: ಕ್ರಯಪತ್ರವೋ, ಪಾತ್ರೆಯೋ, ಅಜ್ಜಿಯ ಮಾತೋ.

ಮೂರು, ನೀವು ಕೊಡೋದು ಪ್ರಮಾಣಪತ್ರ ಅಲ್ಲ ಅಂತ ಮೊದಲೇ ತಿಳಿಸಿ. ಅದನ್ನ ಕೊಡೋದು ಕಂದಾಯ ಇಲಾಖೆ, ಅರ್ಜಿ ನಾಡಕಚೇರಿಯಲ್ಲಿ.

ನಾಲ್ಕು, ಗುಟ್ಟು. ಭೈರಪ್ಪನವರ 'ವಂಶವೃಕ್ಷ' (1965) ಓದಿದವರಿಗೆ ಗೊತ್ತು, ತನ್ನ ಹುಟ್ಟಿನ ಸತ್ಯ ತಿಳಿದಾಗ ಶ್ರೋತ್ರಿಗಳ ನೆಲವೇ ಅಲುಗಾಡುತ್ತೆ. ದತ್ತು, ಎರಡನೇ ಸಂಬಂಧ, ಜಾತಿ ಮೀರಿದ ಮದುವೆ ಯಾವ ಮನೇಲಾದ್ರೂ ಸಿಗಬಹುದು. ಬದುಕಿರೋರ ವಿವರ ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಸ್ವಂತ, ಮನೆಬಳಕೆಯ ಕೆಲಸಕ್ಕೆ ವಿನಾಯಿತಿ ಕೊಡುತ್ತೆ. ದುಡ್ಡು ತಗೊಂಡ ಮೇಲೆ ಆ ವಿನಾಯಿತಿ ನೆಚ್ಚಿಕೊಳ್ಳೋ ಹಾಗಿಲ್ಲ.

ಸಣ್ಣ ಉದ್ಯಮಕ್ಕೆ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಬಂಡವಾಳ ಅಂದ್ರೆ ಒಂದು ಲ್ಯಾಪ್‌ಟಾಪ್, ಬಸ್ ಚಾರ್ಜು, ತುಂಬಾ ತಾಳ್ಮೆ.

ಕಚೇರಿ ಕಾಗದ ಮುಂದಿನ ವರ್ಷವೂ ಸಿಗುತ್ತೆ, ಆದರೆ ಅಜ್ಜಿಯ ನೆನಪು ಅಲ್ಲಿವರೆಗೆ ಕಾಯುತ್ತೆ ಅಂತ ಹೇಳೋಕಾಗಲ್ಲ. ಈ ಸೆಮ್ ರಜೆಗೆ ಊರಿಗೆ ಹೋದಾಗ ಫೋನಿನ ರೆಕಾರ್ಡರ್ ಆನ್ ಮಾಡಿ, ಅಜ್ಜಿಯನ್ನ ಕೇಳಿಯೇ ಆನ್ ಮಾಡಿ, ಮೊದಲು ಈ ಪ್ರಶ್ನೆ ಕೇಳಿ: 'ಅಜ್ಜಿ, ನಿಮ್ಮ ಅಮ್ಮನ ಹೆಸರೇನು?'