ನಗಲೊಲ್ಲದ ಮಕ್ಕಳು

ಹತ್ತೊಂಬತ್ತನೇ ಶತಮಾನದ ಜರ್ಮನಿಯಲ್ಲಿ ಮುದ್ದು ಮಕ್ಕಳ ಚಿತ್ರಕ್ಕೆ ಗಿರಾಕಿಗಳ ಬರವಿರಲಿಲ್ಲ. ಬ್ರೆಮೆನ್‌ನಲ್ಲಿ ಹುಟ್ಟಿದ ಯೋಹಾನ್ ಗೇಯೋರ್ಗ್ ಮೇಯರ್ (1813–1886) ಹಳ್ಳಿಮನೆಯ ಕಂದಮ್ಮಗಳನ್ನು ಬರೆದೂ ಬರೆದೂ ‘ಮಕ್ಕಳ ಮೇಯರ್’ ಎಂದೇ ಹೆಸರಾದ. ಅವನ ಹಳ್ಳಿಯಲ್ಲಿ ಕೆಸರು ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಬ್ರೆಮೆನ್‌ನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ವೋರ್ಪ್ಸ್‌ವೇಡೆಯಲ್ಲಾದರೋ ಕೆಸರೇ ಬದುಕು. ರೈತರು ಜೌಗುಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ದೋಣಿಗೆ ಹೇರಿ ಬ್ರೆಮೆನ್‌ನಲ್ಲಿ ಉರುವಲಾಗಿ ಮಾರುತ್ತಿದ್ದರು. 1889ರಲ್ಲಿ ಫ್ರಿಟ್ಸ್ ಮಾಕೆನ್‌ಸೆನ್, ಒಟ್ಟೋ ಮೋಡರ್‌ಸೋನ್ ಮತ್ತು ಹಾನ್ಸ್ ಆಮ್ ಎಂಡೆ ಇಲ್ಲಿ ಬೀಡುಬಿಟ್ಟು ಕಲಾವಿದರ ಊರು ಕಟ್ಟಿದರು. 1898ರಲ್ಲಿ ಮಾಕೆನ್‌ಸೆನ್ ಬಳಿ ಕಲಿಯಲು ಬಂದವಳು 22ರ ಪೌಲಾ ಬೆಕರ್. ತುಂಟಿ ಬೇರೆ! 1900ರಲ್ಲಿ ಗೆಳತಿ ಕ್ಲಾರಾ ವೆಸ್ಟ್‌ಹೋಫ್ ಜೊತೆ ಸುಮ್ಮನೆ ಚರ್ಚಿನ ಗಂಟೆ ಬಾರಿಸಿದಳು; ಬೆಂಕಿ ಬಿದ್ದಿದೆಯೆಂದು ಊರೇ ಓಡಿ ಬಂತು. ಇಬ್ಬರೂ ಚರ್ಚನ್ನು ಅಲಂಕರಿಸಿ ತಪ್ಪು ತೀರಿಸಬೇಕಾಯಿತು.

ಅವಳ ಚಿತ್ರಗಳಿಗೆ ಕೂತವರು ಬಡವರ ಆಶ್ರಯಮನೆಯ ಮುದುಕಿಯರು, ಹಾಲೂಡುವ ತಾಯಂದಿರು, ಕೂಲಿಗಳ ಮಕ್ಕಳು. ಆ ಮಕ್ಕಳು ನಗುವುದಿಲ್ಲ. 1905ರ ಚಿತ್ರವೊಂದರಲ್ಲಿ ಕುರ್ಚಿಯ ಮೇಲೆ ಕೂತ ರೈತರ ಹುಡುಗಿ ಯಾರನ್ನೂ ಮೆಚ್ಚಿಸಲು ಹೊರಟಿಲ್ಲ. ಬಣ್ಣ ದಪ್ಪ, ಗೆರೆ ಒರಟು, ಮುಖದಲ್ಲಿ ದೊಡ್ಡವರ ಗಾಂಭೀರ್ಯ. ಮಗುವನ್ನು ಆಟಿಕೆಯಾಗಿಸದೆ ಪೂರ್ತಿ ಮನುಷ್ಯನೆಂದು ಕಂಡ ಈ ನೋಟಕ್ಕೆ ಪ್ಯಾರಿಸ್‌ನಲ್ಲಿ ಕಂಡ ಸೆಜಾನ್, ಗೊಗ್ಯಾನ್ ಕೃತಿಗಳು ಬಲ ತುಂಬಿದವು. ಆದರೆ ಆ ನೋಟ ಹುಟ್ಟಿದ್ದು ಜೌಗಿನ ಗುಡಿಸಲುಗಳಲ್ಲೇ.

ಬ್ರೆಮೆನ್ ಅದನ್ನು ಮೆಚ್ಚಲಿಲ್ಲ. 1899ರಲ್ಲಿ ಅಲ್ಲಿನ ಕಲಾಭವನದಲ್ಲಿ ಅವಳ ಚಿತ್ರಗಳನ್ನಿಟ್ಟಾಗ ವಿಮರ್ಶಕ ಆರ್ಥರ್ ಫಿಟ್ಗರ್ ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಡಿಸಿದ. 1901ರಲ್ಲಿ ಅವಳು ವಿಧುರ ಒಟ್ಟೋ ಮೋಡರ್‌ಸೋನ್‌ನ ಕೈಹಿಡಿದಳು. ಅವನ ಪುಟ್ಟ ಮಗಳು ಎಲ್ಸ್‌ಬೆತ್ ಕೂಡ ಅವಳ ಚಿತ್ರಗಳಲ್ಲಿದ್ದಾಳೆ. ಬದುಕಿದ್ದಾಗ ಮಾರಾಟವಾದ ಚಿತ್ರಗಳು ಬೆರಳೆಣಿಕೆಯಷ್ಟು. 1907ರ ನವೆಂಬರ್ 2ರಂದು ಮಗಳು ಮಟಿಲ್ಡೆ ಹುಟ್ಟಿದಳು. ಬಾಣಂತಿ ಪೌಲಾ ಅದೇ ತಿಂಗಳ 20ರಂದು, 31ರ ಹರೆಯದಲ್ಲಿ, ರಕ್ತನಾಳದ ತಡೆಯಿಂದ ತೀರಿಕೊಂಡಳು.

ಅವಳನ್ನು ಒಪ್ಪದ ಅದೇ ಊರಿನಲ್ಲಿ, ಕಾಫಿ ವ್ಯಾಪಾರಿ ಲುಡ್ವಿಗ್ ರೋಸೆಲಿಯುಸ್ 1927ರಲ್ಲಿ ಅವಳಿಗೊಂದು ಮ್ಯೂಸಿಯಂ ತೆರೆದ. ಒಬ್ಬ ಚಿತ್ರಕಾರ್ತಿಗೇ ಮೀಸಲಾದ ಜಗತ್ತಿನ ಮೊದಲ ಮ್ಯೂಸಿಯಂ ಅದು. ಹತ್ತು ವರ್ಷದಲ್ಲಿ ನಾಜಿಗಳು ಅವಳ ಕಲೆಗೆ ‘ಕುಲಗೆಟ್ಟದ್ದು’ ಎಂಬ ಹಣೆಪಟ್ಟಿ ಹಚ್ಚಿ ಜರ್ಮನಿಯ ಸಂಗ್ರಹಾಲಯಗಳಿಂದ ಹಲವಾರು ಕೃತಿಗಳನ್ನು ಹೊರದಬ್ಬಿದರು. ಮ್ಯೂಸಿಯಂ ಉಳಿದಿದೆ, ಬ್ರೆಮೆನ್‌ನ ಬ್ಯೋಟ್ಶರ್ ಬೀದಿಯಲ್ಲಿ. ಹ್ಯಾಂಬರ್ಗ್‌ನಲ್ಲಿ ಓದುವ, ದುಡಿಯುವ ಕನ್ನಡಿಗರಿಗೆ ಅದು ರೈಲಿನಲ್ಲಿ ಒಂದು ಗಂಟೆಯ ದಾರಿ. ಮಕ್ಕಳನ್ನೂ ಕರೆದುಕೊಂಡೇ ಹೋಗಿ.