ಆತಕೂರು ಶಾಸನವೂ ಇತಿಹಾಸದಲ್ಲಿ ವ್ಯತಿರೇಕವಿಚಾರವೂ

ನಡೆದುದನ್ನು ನಡೆದಂತೆ ನಿರೂಪಿಸುವುದೇ ಇತಿಹಾಸದ ಧರ್ಮವೆಂದೂ, ನಡೆಯದುದರ ವಿಚಾರವು ಕವಿಗಳಿಗೆ ಸೇರಿದುದೆಂದೂ ಹೇಳುವುದುಂಟು. ಆದರೆ ‘ಇಂತಹ ಕಾರಣದಿಂದ ಇಂತಹ ಕಾರ್ಯವಾಯಿತು’ ಎಂದೊಡನೆಯೇ, ಆ ಕಾರಣವಿಲ್ಲದಿದ್ದರೆ ಆ ಕಾರ್ಯವಾಗುತ್ತಿರಲಿಲ್ಲವೆಂಬ ಮಾತೂ ಅದರಲ್ಲಿ ಅಡಕವಾಗಿರುತ್ತದೆ. ತಾರ್ಕಿಕರು ಮೊದಲನೆಯದನ್ನು ಅನ್ವಯವೆಂದೂ ಎರಡನೆಯದನ್ನು ವ್ಯತಿರೇಕವೆಂದೂ ಕರೆಯುವರು. ಅರಬರಲ್ಲಿ ಇಸ್ಲಾಂ ಮತವು ಉದಯಿಸದಿದ್ದರೆ ರೋಮಕ ಪಾರಸೀಕ ಸಾಮ್ರಾಜ್ಯಗಳ ಗತಿಯೇನಾಗುತ್ತಿತ್ತೆಂಬ ಪ್ರಸಿದ್ಧವಾದ ಪ್ರಶ್ನೆಯು ಈ ಬಗೆಯದು. ಆದರೆ ಅಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಆ ಎರಡು ರಾಜ್ಯಗಳೂ ಕ್ರಿ.ಶ. 602ರಿಂದ 628ರ ವರೆಗೆ ಪರಸ್ಪರ ಹೋರಾಡಿ ಬಸವಳಿದಿದ್ದುವು. 636ರ ಯರ್ಮುಕ್ ಕಾಳಗವು ನಡೆಯದಿದ್ದರೂ ಆ ಬಳಲಿಕೆಯು ಇದ್ದೇ ಇರುತ್ತಿತ್ತು. ಘಟನೆಯೊಂದನ್ನು ತೆಗೆದರೆ ಅದರ ಹಿಂದಿನ ಸ್ಥಿತಿಯೂ ಹೋಗುವುದಿಲ್ಲ. ಇಷ್ಟು ವಿಶಾಲವಾದ ಕ್ಷೇತ್ರದಲ್ಲಿ ಅಸ್ಪಷ್ಟವಾಗುವ ಈ ತತ್ತ್ವವು ಕನ್ನಡನಾಡಿನ ಒಂದು ಚಿಕ್ಕ ಗ್ರಾಮದ ಕಲ್ಲಿನಿಂದ ವಿಶದವಾಗುತ್ತದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಶಕ 872ನೆಯ ಸೌಮ್ಯ ಸಂವತ್ಸರದ್ದು, ಎಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದನೆಂದೂ, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನೆಂದೂ ಅದರಿಂದ ತಿಳಿದುಬರುತ್ತದೆ. ಬೂತುಗನ ಭಟನಾದ ಮಣಲೆರನು ತನ್ನ ಶೌರ್ಯಕ್ಕೆ ಪ್ರತಿಯಾಗಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಅದರ ನೆನಪಿಗೆ ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಲಾಯಿತು. ಒಂದು ನಾಯಿಯ ಸ್ಮಾರಕದಲ್ಲಿ ಎರಡು ಸಾಮ್ರಾಜ್ಯಗಳ ಭಾಗ್ಯವು ಲಿಖಿತವಾಗಿರುವುದು ವಿಶೇಷವೇ ಸರಿ.

ಹೀಗಿರಲು, ರಾಜಾದಿತ್ಯನು ಅಂದು ಬೀಳದೆ ಚೋಳರೇ ಗೆದ್ದಿದ್ದರೆ ಏನಾಗುತ್ತಿತ್ತು? ಅವನ ತಂದೆಯಾದ ಮೊದಲನೆಯ ಪರಾಂತಕನು ಪಾಂಡ್ಯರನ್ನೂ ಬಾಣರನ್ನೂ ಆಗಲೇ ಸೋಲಿಸಿದ್ದನು. ತಕ್ಕೋಲದ ಸೋಲಿನಿಂದ ತೊಂಡೈನಾಡು ಚೋಳರ ಕೈಬಿಟ್ಟಿತು. 959ರ ಕರ್ಹಾಡ ತಾಮ್ರಪಟಗಳ ಕಾಲಕ್ಕೆ ಕೃಷ್ಣನು ಆ ನಾಡಿನ ಮೇಲ್ಪಾಡಿಯಲ್ಲಿಯೇ ಬೀಡುಬಿಟ್ಟಿದ್ದನು. ಸೋಲಿಲ್ಲದಿದ್ದರೆ ಚೋಳರು ಗಂಗವಾಡಿಯ ಮೇಲೆ ಬಹು ಮೊದಲೇ ಏರಿಬರುತ್ತಿದ್ದರೆಂದು ಊಹಿಸಲು ಅವಕಾಶವಿದೆ. ಆದರೆ ಬರುತ್ತಲೇ ಇರಲಿಲ್ಲವೆಂದಾಗಲಿ, ತಕ್ಕೋಲದ ಜಯವು ರಾಷ್ಟ್ರಕೂಟರನ್ನು ಶಾಶ್ವತವಾಗಿ ಕಾಪಾಡಿತೆಂದಾಗಲಿ ಹೇಳುವಂತಿಲ್ಲ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಕೆಡವಿದನು. ಸುಮಾರು 1004ರಲ್ಲಿ, ಮಳವಳ್ಳಿಗೆ ಅನತಿದೂರದಲ್ಲಿ ಕಾವೇರಿಯ ದಡದಲ್ಲಿರುವ ಗಂಗರ ರಾಜಧಾನಿ ತಲಕಾಡು ಚೋಳರ ವಶವಾಗಿ ರಾಜರಾಜಪುರವೆನಿಸಿತು. ಕಾವೇರಿಯ ಮುಖಜಭೂಮಿಯ ಸಮೃದ್ಧಿಯು ಚೋಳರಿಗೆ ಕೊಟ್ಟ ಬಲವನ್ನು ಒಂದು ಕಾಳಗವು ತಡೆಹಿಡಿಯಬಲ್ಲುದೇ ಹೊರತು ಅಳಿಸಲಾರದು. ಆದುದರಿಂದ ತಕ್ಕೋಲದ ಫಲವು ಅರ್ಧ ಶತಮಾನದ ಅವಧಿ.

ಈ ಅವಧಿಯು ಅಲ್ಪವಾದುದಲ್ಲವೆಂಬುದಕ್ಕೆ ಕನ್ನಡ ಸಾಹಿತ್ಯವೇ ಸಾಕ್ಷಿ. ಪಂಪನ ಕಾವ್ಯಗಳು 941ರ ಹೊತ್ತಿಗೆ ಮುಗಿದಿದ್ದುದರಿಂದ ಅವು ಈ ವಿಚಾರಕ್ಕೆ ಬರುವುದಿಲ್ಲ. ಆದರೆ ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನು ತನ್ನ ಪುರಾಣವನ್ನು ಬರೆದುದು 978ರಲ್ಲಿ. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯು ನಿಂತುದು ಸುಮಾರು 981ರಲ್ಲಿ. ರನ್ನನಿಗೆ ಆರಂಭದಲ್ಲಿ ಆಶ್ರಯವಾದವನೂ ಅದೇ ಚಾವುಂಡರಾಯನು. ಗಂಗರ ಆಸ್ಥಾನವು 950ರ ಸುಮಾರಿಗೇ ಅಳಿದಿದ್ದರೆ ಅವನ ಅಧಿಕಾರಕ್ಕಾಗಲಿ ಆ ಕಾರ್ಯಗಳಿಗಾಗಲಿ ಆಧಾರವು ಉಳಿಯುತ್ತಿರಲಿಲ್ಲ.

ಇನ್ನೂ ಮುಂದೆ ಹೋಗಿ, ಚೋಳರು ಬೇಗ ಬಂದಿದ್ದರೆ ಈ ಸೀಮೆಯಲ್ಲಿ ಕನ್ನಡವೇ ಇಲ್ಲವಾಗುತ್ತಿತ್ತೆನ್ನಬಹುದೆ? ಇದನ್ನು ಪರೀಕ್ಷಿಸಲು ಊಹೆ ಬೇಡ. ಚೋಳರು ತಡವಾಗಿಯಾದರೂ ಬಂದೇ ಬಂದರಷ್ಟೆ. ಶ್ರೀರಂಗಪಟ್ಟಣದ ಬಳಿಯ ಬಲಮುರಿಯಲ್ಲಿ 1012ರ ಶಾಸನವೊಂದಿದೆ. ರಾಜರಾಜನ ಅಧಿಕಾರಿಯಾಗಿ ಗಂಗಮಂಡಲವನ್ನು ನೋಡಿಕೊಳ್ಳುತ್ತಿದ್ದ ಪಂಚವನ್ ಮಹಾರಾಯನನ್ನು ಕುರಿತ ಆ ಬರಹವು ಕನ್ನಡದಲ್ಲಿದೆ. ನಾಡು ಮುಡಿಗೊಂಡಚೋಳಮಂಡಲವೆಂಬ ಹೆಸರನ್ನು ತಳೆದರೂ ನಾಡಿನ ನುಡಿಯು ಉಳಿಯಿತು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದಾಗ ಅದಕ್ಕೆ ಮತ್ತೆ ರಾಜಾಶ್ರಯವೂ ದೊರೆಯಿತು. ಆಸ್ಥಾನವನ್ನು ಅವಲಂಬಿಸಿದುದು ಕಾಳಗದೊಡನೆ ಅಳಿಯಬಹುದು. ಒಕ್ಕಲನ್ನೂ ಊರನ್ನೂ ಅವಲಂಬಿಸಿದುದು ಅಷ್ಟು ಸುಲಭವಾಗಿ ಅಳಿಯದು.

ಇದರಿಂದ ವ್ಯತಿರೇಕವಿಚಾರಕ್ಕೆ ಮೂರು ನಿಯಮಗಳು ಫಲಿಸುತ್ತವೆ. ಒಂದೇ ಸಂಗತಿಯನ್ನು ಬದಲಿಸಿ ಉಳಿದುವನ್ನು ಇದ್ದಂತೆ ಇರಿಸಿಕೊಳ್ಳಬೇಕು. ಊಹೆಗೆ ಸಮೀಪವಾದ ನಿಜಸಂಗತಿಯೊಂದರಿಂದ ಅದನ್ನು ಒರೆಗೆ ಹಚ್ಚಬೇಕು. ಆಧಾರವು ಮುಗಿದಲ್ಲಿ ಊಹೆಯನ್ನೂ ನಿಲ್ಲಿಸಬೇಕು. ಯರ್ಮುಕ್ಕಿನ ಪ್ರಶ್ನೆಗೂ ತಕ್ಕೋಲದ ಪ್ರಶ್ನೆಗೂ ಇವು ಸಮಾನವಾಗಿ ಸಲ್ಲುತ್ತವೆ. ಗೊಮ್ಮಟನ ಮುಂದೆ ನಿಲ್ಲುವ ವಿದ್ಯಾರ್ಥಿಗೆ ಆತಕೂರಿನ ಕಲ್ಲನ್ನೂ ನೆನಪಿಸಿದರೆ, ಆದುದು ಆಗದೆಯೂ ಹೋಗಬಹುದಾಗಿತ್ತೆಂಬ ಅರಿವು ಅವನಲ್ಲಿ ಮೂಡೀತು. ಆದುದರ ಬೆಲೆಯು ತಿಳಿಯುವುದು ಆ ಅರಿವಿನಿಂದಲೇ.